ಪಾವಗಡದ ಲೈನು ಸತ್ತ ದಿನ

ಬೆಳಿಗ್ಗೆ ಹಳೆಯ ಲ್ಯಾಪ್‌ಟಾಪ್ ಚೀಲ ಕೊಡವಿದಾಗ ಅತ್ತರು ಅದ್ದಿದ ಹತ್ತಿಯ ಉಂಡೆಯೊಂದು ಉರುಳಿ ಬಿತ್ತು. ವಾಸನೆ ಇನ್ನೂ ಹೋಗಿಲ್ಲ. ಶಿರಾದ ರಹಮತ್ ಸಾಹೇಬರು ಕೊಟ್ಟದ್ದು. ಅವರ ಅತ್ತರಿನ ಅಂಗಡಿ ಅಲ್ಲಿನ ನಮ್ಮ ಕಾಲೇಜಿನ ಗೇಟಿನೆದುರಿಗೇ ಇತ್ತು. ಯಾರ ಮನೆ ಕೇಳಿಕೊಂಡು ಯಾರು ಬಂದರೂ ಅವರದು ಒಂದೇ ಮಾತು: "ನಂಗೆ ಗೊತ್ತಿಲ್ಲ ಭಾಯ್, ಮುಂದಿನ ಅಂಗ್ಡೀಲಿ ಕೇಳಿ." ಅಂಥವರು ಯಾರೂ ಇಲ್ಲ ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ.

ನಾನಾಗ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಾಲ್ಕು ಕಾಲೇಜುಗಳ ವೈಫೈ ನೋಡಿಕೊಳ್ಳುವ ದೊಡ್ಡ ಮನುಷ್ಯ. ಹೊಟ್ಟೆ, ಜಂಬ ಎರಡರಲ್ಲೂ ದೊಡ್ಡವನೇ. ವಿದ್ಯಾರ್ಥಿ ಯಾವ ಊರಲ್ಲಿ ಲಾಗಿನ್ ಆದರೂ ಅವರ ಸ್ವಂತ ಕಾಲೇಜಿನ ಸರ್ವರನ್ನು "ಇವರು ನಿಮ್ಮವರೇ?" ಎಂದು ಕೇಳುವ ಏರ್ಪಾಡದು. ಪಾವಗಡದ ಲೈನು ಆಗಾಗ ಸಾಯುತ್ತಿತ್ತು. ಪಾವಗಡ ಉತ್ತರಿಸದಿದ್ದರೆ ಶಿರಾವನ್ನು ಕೇಳು ಎಂದು ಬರೆದಿಟ್ಟು ಬೀಗಿದೆ. ಪಾವಗಡದ ಮಕ್ಕಳ ಪಟ್ಟಿಯನ್ನು ಶಿರಾಕ್ಕೆ ತುಂಬುವ ಕೆಲಸವನ್ನು ಮಾತ್ರ ನಾಳೆ, ನಾಳೆ ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಸಿದ್ದರಬೆಟ್ಟದ ಬುಡದಲ್ಲಿದ್ದ ಕೊರಟಗೆರೆ ಕಾಲೇಜಿನಿಂದ, ಲೈಬ್ರರಿಯ ನಂಜಮ್ಮ ಲ್ಯಾಂಡ್‌ಲೈನಿನಲ್ಲಿ ಕರೆದರು.

"ಸಾ, ಪಾವಗಡದ ಹುಡ್ಗಿ ಕ್ಯಾಂಪಿಗೆ ಬಂದೈತೆ. ನರ್ಸಿಂಗ್ ಸೀಟು ಐದ್ಗಂಟೆ ಒಳ್ಗೆ ಆನ್‌ಲೈನಾಗೆ ಒಪ್ಕಾಬೇಕಂತೆ. ಇಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ವೈಫೈ ನೋಡುದ್ರೆ ಅಂಥೋರು ಯಾರೂ ಇಲ್ಲ ಅಂತೈತೆ. ನನ್ ಪಾಸ್‌ವರ್ಡೇ ಕೊಟ್ಬುಡ್ಲಾ?"

"ಕೂಡದು," ಎಂದೆ. ಆ ನಿಯಮ ಬರೆದು ಗೋಡೆಗೆ ಅಂಟಿಸಿದವನೂ ನಾನೇ.

ಹುಡುಗಿ ಫೋನು ತೆಗೆದುಕೊಂಡಳು. "ನಾನಿದೀನಿ ಸಾರ್. ಲಕ್ಷ್ಮೀದೇವಿ. ನಿಜಂ ಸಾರ್, ನಾನಿದೀನಿ."

"ಸರಿಯಾಗಿ ಟೈಪ್ ಮಾಡಮ್ಮ," ಎಂದು ಗದರಿ ಫೋನಿಟ್ಟೆ. ಆಮೇಲೆ ನೋಡಿದರೆ ಪಾವಗಡದ ಲೈನು ಸತ್ತಿತ್ತು. ತನಗೆ ಗೊತ್ತಿಲ್ಲದ ಹುಡುಗಿಯನ್ನು ಶಿರಾ ಇಲ್ಲವೆಂದಿತ್ತು. ಅದು ಸುಮ್ಮನಿದ್ದಿದ್ದರೆ ನನಗೆ ಲೈನಿನ ಮೇಲೆ ಅನುಮಾನ ಬರುತ್ತಿತ್ತು. ಯಂತ್ರ ಖಡಾಖಂಡಿತವಾಗಿ ಹೇಳಿದ್ದನ್ನು ನಾನು ನಂಬಿದೆ, ಹುಡುಗಿಯನ್ನು ನಂಬಲಿಲ್ಲ. ಅವಳು ಬಸ್ಸು ಹಿಡಿದು ಪೇಟೆ ಸೇರುವಷ್ಟರಲ್ಲಿ ಐದು ದಾಟಿತ್ತು. ಸೀಟು ಬೇರೆಯವರ ಪಾಲಾಯಿತು. ಆ ವರ್ಷವೇ ಅವಳು ಓದು ಬಿಟ್ಟಳಂತೆ. ನನ್ನ ತಪ್ಪು ತಿದ್ದಲು ಬೇಕಾದದ್ದು ಒಂದು ಪಟ್ಟಿ, ಗೊತ್ತಿಲ್ಲದವರ ಬಗ್ಗೆ ಸುಮ್ಮನಿರು ಎಂದು ಶಿರಾಕ್ಕೆ ಹೇಳುವ ಎರಡು ಸಾಲು. ಹೇಳಿ, ಇದನ್ನು ಯಾರ ಮುಂದೆ ಹೇಳಿಕೊಂಡು ಹಗುರಾಗಲಿ?

ರಹಮತ್ ಸಾಹೇಬರ ಮುಂದೆ ಹೇಳಿಕೊಂಡೆ. "ಗೊತ್ತಿಲ್ದೋರ್ನ ಇಲ್ಲ ಅನ್ನೋಕೆ ನಾವ್ಯಾರು ಭಾಯ್?" ಎಂದು ಈ ಹತ್ತಿಯನ್ನು ಅಂಗೈಗೆ ಒತ್ತಿದರು. ಸಮಾಧಾನವೇನೂ ಆಗಲಿಲ್ಲ.

ಆಮೇಲೆ ಪಾವಗಡದ ಪಟ್ಟಿಯನ್ನು ಶಿರಾಕ್ಕೆ ತುಂಬಿದೆ. ಈಗಲೂ ಅದೇ ಕೆಲಸದಲ್ಲಿದ್ದು, ಕಾಲೇಜು ಬಿಟ್ಟವರ ಹೆಸರುಗಳನ್ನು ವರ್ಷಕ್ಕೊಮ್ಮೆ ಅಳಿಸುತ್ತೇನೆ, ಒಂದನ್ನು ಬಿಟ್ಟು. ಇವತ್ತೂ ಪಾವಗಡದ ಲೈನು ಸತ್ತಿದೆ. ಹತ್ತಿಯನ್ನು ಮೇಜಿನ ಮೇಲಿಟ್ಟು, ಲಕ್ಷ್ಮೀದೇವಿಯ ಹೆಸರು ಹಾಕಿ ಶಿರಾವನ್ನು ಕೇಳಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: ಇದ್ದಾರೆ.

ಎಲ್ಲಿದ್ದಾಳೋ, ನನಗೆ ಗೊತ್ತಿಲ್ಲ.