ಐಸಿನಲ್ಲಿ ಬಂದ ಬಯಾಪ್ಸಿ

ಮಂಗಳೂರಿನ ಲ್ಯಾಬಿನ ಕೌಂಟರಿನಲ್ಲಿ ಮಂಜ ಥರ್ಮೋಕೋಲ್ ಡಬ್ಬಿ ಬಿಚ್ಚಿದ. ಒಳಗೆ ಐಸು. ಐಸಿನ ನಡುವೆ ಪುಟ್ಟ ಬಾಟಲಿ. ಬಾಟಲಿಯಲ್ಲಿ ಅವನ ಅಕ್ಕನ ಎದೆಯಿಂದ ತೆಗೆದ ಚೂರು.

ಮಂಜ ಕಾಸರಕೋಡದವನು, ಪಕ್ಕದ ಹೊನ್ನಾವರದಲ್ಲಿ ನನಗೆ ಮೀನು ಕೊಡುವವನು. ಅಕ್ಕ ನಾಗವೇಣಿ ಮೀನು ಒಣಗಿಸುತ್ತಾರೆ. ಎದೆಯ ಗಂಟು ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಯಾವ ಔಷಧ ಎಂಬುದಷ್ಟೇ ಗೊತ್ತಾಗಬೇಕಿತ್ತು. ಆಸ್ಪತ್ರೆಯವರು ಬಾಟಲಿ ಕೈಗಿಟ್ಟು ಮಂಗಳೂರಿಗೆ ಒಯ್ಯಲು ಹೇಳಿದರು. (ಕೊರಿಯರ್ ಕೆಲಸವೂ ರೋಗಿಯ ಮನೆಯವರದ್ದೇ.)

ಲ್ಯಾಬಿನವರು ಹೇಳಿದ್ದು ಅರ್ಥವಾಗದೆ ಮಂಜ ನನಗೆ ಫೋನ್ ಮಾಡಿ, ಅದನ್ನು ಅಲ್ಲಿನ ಟೆಕ್ನಿಷಿಯನ್ ಕೈಗೆ ಕೊಟ್ಟ. ಆಕೆ ತಾಳ್ಮೆಯಿಂದ ವಿವರಿಸಿದರು. ಕೆಲವರ ಕ್ಯಾನ್ಸರ್ ಕೋಶಗಳ ಹೊರಮೈಯಲ್ಲಿ ಒಂದು ಪ್ರೋಟೀನ್ ವಿಪರೀತ ಇರುತ್ತದೆ. ಅದನ್ನೇ ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿ ಲ್ಯಾಬಿನಲ್ಲಿದೆ. ಅಂಟಿದಲ್ಲಿ ಕಂದು ಬಣ್ಣ. ಬಣ್ಣ ಚೆನ್ನಾಗಿ ಬಂದರೆ ಆ ಪ್ರೋಟೀನಿಗೇ ಗುರಿಯಿಟ್ಟ ಔಷಧ. ಆದರೆ ಚೂರು ಕೆಡದಂತೆ ಕಾಯುವ ಫಾರ್ಮಾಲಿನ್ ದ್ರವದಲ್ಲಿ ಇರಬೇಕಿತ್ತು. ಇದು ಕೆಟ್ಟಿದೆ. ಬಣ್ಣ ಬಂದರೂ, ಬಾರದಿದ್ದರೂ ನಂಬುವಂತಿಲ್ಲ.

ಫಾರ್ಮಾಲಿನ್ ಎಲ್ಲಿ ಹೋಯಿತು?

ಮಂಜ ಚೆಲ್ಲಿದ್ದ. ಮುಚ್ಚಳ ತೆಗೆದು ಮೂಸಿದ್ದಾನೆ. ವಾಸನೆ ಗುರುತು ಹಿಡಿದಿದ್ದಾನೆ. ಚೂರನ್ನು ತೊಳೆದು ಐಸಿನಲ್ಲಿಟ್ಟಿದ್ದಾನೆ.

“ನೀವೇ ಬರ್ದಿದ್ರಲ್ಲ ಸರ್, ಫಾರ್ಮಾಲಿನ್ ಹಾಕಿದ್ ಮೀನು ವಿಷ ಅಂತ. ಮೀನಿಗೇ ಬೇಡದ್ದು ಅಕ್ಕಂಗೆ ಎಂತಕ್ಕೆ?”

ಬರೆದಿದ್ದೆ, ಇದೇ ಅಂಕಣದಲ್ಲಿ. ಮಂಜ ಅದನ್ನು ಕತ್ತರಿಸಿ ಐಸ್ ಬಾಕ್ಸಿನ ಮುಚ್ಚಳಕ್ಕೆ ಅಂಟಿಸಿಕೊಂಡಿದ್ದಾನೆ. ಅದೇ ದ್ರವ ಆಸ್ಪತ್ರೆಯಲ್ಲಿ ಏಕೆ ಬೇಕು ಎಂದು ಒಂದು ಸಾಲು? ಬರೆದಿರಲಿಲ್ಲ.

ಆಸ್ಪತ್ರೆಯಲ್ಲಿ ವಿಚಾರಿಸಿದೆ. ಚೆಲ್ಲಬಾರದೆಂದು ಬಾಟಲಿಯ ಮೇಲೇ ಬರೆದಿದೆಯಲ್ಲ ಎಂದು ಅಂಥದೇ ಇನ್ನೊಂದು ಬಾಟಲಿ ತೋರಿಸಿದರು. ನೋಡಿದೆ. ನಿಜ. ಇಂಗ್ಲಿಷಿನಲ್ಲಿ, ಕನ್ನಡಕ ಹಾಕಿದರೂ ಕಣ್ಣು ಕಿರಿದು ಮಾಡಬೇಕಾದ ಅಕ್ಷರದಲ್ಲಿ. ಬಾಯಲ್ಲಿ ಹೇಳಿದಿರಾ ಎಂದು ಕೇಳಿದೆ. ಎಲ್ಲರಿಗೂ ಗೊತ್ತಿರುತ್ತದೆ ಎಂದರು. ಯಾರು ಈ ಎಲ್ಲರು?

ಹೊಸ ಚೂರು ತೆಗೆಯಲು ನಾಗವೇಣಿಯವರಿಗೆ ಮತ್ತೆ ಸೂಜಿ. ಔಷಧ ಮತ್ತಷ್ಟು ದಿನ ತಡ. ಅವರ ಮನೆಗೆ ಹೋದಾಗ ಮಂಜ ತಲೆ ಎತ್ತಲಿಲ್ಲ. ಅಕ್ಕನೇ ಮಾತಾಡಿದರು.

“ಅವಂಗೆ ಎಂತದೂ ಹೇಳ್ಬೇಡಿ. ಇಷ್ಟ್ ವರ್ಷದಲ್ಲಿ ಅವ್ನ ಕೈಲಿ ಒಂದ್ ಬಂಗಡೆನೂ ಕೆಟ್ಟದ್ದಿಲ್ಲ. ಕೆಟ್ಟದ್ದು ನಾನೊಬ್ಳೇ.”

ಹೇಳಿ ನಕ್ಕರು. ನಾವಿಬ್ಬರೂ ನಗಲಿಲ್ಲ.

ನಿನ್ನೆ ಎರಡನೇ ಬಾಟಲಿ ಕೊಟ್ಟರು. ಮಂಜ ಮುಟ್ಟಲಿಲ್ಲ. ಈ ಸಲ ನೀವೇ ಹಿಡಿದುಕೊಳ್ಳಿ ಎಂದ. ಮಂಗಳೂರು ಬಸ್ಸಿನಲ್ಲಿ ಕೂತು ಲೇಬಲ್ ತಿರುಗಿಸಿ ನೋಡಿದೆ.

ಅದೇ ಇಂಗ್ಲಿಷ್, ಅದೇ ಅಕ್ಷರ.