ಸೀಟಿಗಿಂತ ಮೊದಲು ನಲವತ್ತು

ನಾನು ಈಜು ಕಲಿತದ್ದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ. ಅದೂ ಆಸೆಯಿಂದಲ್ಲ. ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನ ಗೆಳತಿಗೆ ಮೊಣಕಾಲು ನೋವು. ಈಜಿದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದರು. ಒಬ್ಬಳೇ ಹೋಗಲು ನಾಚಿಕೆ ಎಂದು ಅವಳು ನನ್ನನ್ನೂ ಎಳೆದುಕೊಂಡು ಹೋದಳು. ನೋವು ಅವಳದು, ಮೊದಲ ತಿಂಗಳು ಲೀಟರುಗಟ್ಟಲೆ ನೀರು ಕುಡಿದವಳು ನಾನು.

ಅವಳ ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ನಾನು ಮದುವೆಯ ತಂಟೆಗೇ ಹೋದವಳಲ್ಲ. ಬೆಳಿಗ್ಗೆ ಆರಕ್ಕೆ ನಾನು ಬೆಳಗಾವಿಯ ರಾಮತೀರ್ಥ ನಗರದಿಂದ ಸ್ಕೂಟಿ ಹೊರಡಿಸಿ, ಕೋಟೆಯ ಹತ್ತಿರ ಅವಳನ್ನು ಹಿಂದೆ ಕೂರಿಸಿಕೊಂಡು ಈಜುಕೊಳಕ್ಕೆ ಹೋಗುತ್ತಿದ್ದೆ. ಆರೂವರೆಯಿಂದ ಏಳೂಕಾಲರವರೆಗೆ ಹೆಂಗಸರ ಬ್ಯಾಚು. ಮೊದಲ ಹತ್ತು ನಿಮಿಷ ದಂಡೆಯ ಮೇಲೆ ಕೈಕಾಲು ಆಡಿಸುವುದು. ಉಳಿದ ಮೂವತ್ತೈದು ನಿಮಿಷ ನೀರು. ಏಳೂಕಾಲಿಗೆ ಸರಿಯಾಗಿ ಕೋಚ್ ಹುಡುಗಿ ಸೀಟಿ ಊದಿದರೆ ಯಾರೇ ಆಗಲಿ, ಎಲ್ಲೇ ಇರಲಿ, ಮೇಲೆ ಬರಬೇಕು.

ನಮ್ಮ ಕೊಳ ಇಪ್ಪತ್ತೈದು ಮೀಟರಿನದು. ನಲವತ್ತು ಲ್ಯಾಪ್ ಹಾಕಿದರೆ ಒಂದು ಕಿಲೋಮೀಟರು. ನಾವು ಹೇಗೋ ಫ್ರೀಸ್ಟೈಲ್ ಹೊಡೆಯಲು ಕಲಿತ ಮೇಲೆ ಒಂದು ದಿನ ಕೋಚ್ ನಮ್ಮಿಬ್ಬರನ್ನೂ ನಿಲ್ಲಿಸಿ ಹೇಳಿದಳು, "ನೋಡ್ರಿ ಮೇಡಂ, ನಾ ಸೀಟಿ ಊದೂದ್ರಾಗ ನಲವತ್ತು ಮುಗಿಸಿದ್ರ ನಿಮಗ ಈಜು ಬಂತು ಅಂತ. ಅಲ್ಲೀತನಕ ನೀವು ನೀರಾಗ ಆಡಾಕ ಬಂದವರು."

ನಮ್ಮ ಅರ್ಧ ವಯಸ್ಸಿನ ಹುಡುಗಿಯ ಮಾತು. ಇಬ್ಬರಿಗೂ ಚುರುಕು ಮುಟ್ಟಿತು. ಅಂದೇ ನಿರ್ಧಾರವಾಯಿತು: ಸೀಟಿಗಿಂತ ಮೊದಲು ನಲವತ್ತು. ಅವಳು ಮುಂದೆ, ನಾನು ಅವಳ ಹಿಂದೆ. ಲೆಕ್ಕ ಅವಳದು. ಗೋಡೆ ಮುಟ್ಟಿದಾಗಲೆಲ್ಲ "ಸತರಾ", "ಅಠರಾ" ಎಂದು ಮರಾಠಿಯಲ್ಲಿ ಕೂಗಿ ತಿರುಗುತ್ತಿದ್ದಳು. ನನ್ನ ಕೆಲಸ ನೀರಿನೊಳಗೆ ಅವಳ ಬಿಳಿಚಿಕೊಂಡ ಹಿಮ್ಮಡಿಗಳನ್ನು ನೋಡುತ್ತ ಹೋಗುವುದು, ಅಷ್ಟೇ. ಒಂದೂವರೆ ವರ್ಷ ಆ ಹಿಮ್ಮಡಿಗಳನ್ನು ನೋಡಿದ್ದೇನೆ. ಒಮ್ಮೆ ಸೀಟಿ ಊದಿದಾಗ ಮೂವತ್ತೆಂಟಾಗಿತ್ತು. ಆ ದಿನ ಇಬ್ಬರೂ ಆಫೀಸಿಗೆ ತಡವಾಗಿ ಹೋಗಿ, ಸಾಹೇಬರ ಕೈಯಲ್ಲಿ ಬೈಸಿಕೊಂಡು, ಆದರೂ ನಗುತ್ತಲೇ ಇದ್ದೆವು.

ಕಳೆದ ಬೇಸಿಗೆಯಲ್ಲಿ ಅವಳು ಮದುವೆಯಾದಳು. ಕೊಲ್ಲಾಪುರದ ಕಡೆಯವರು, ನಿವೃತ್ತ ಮೇಷ್ಟ್ರು, ಹೆಂಡತಿ ಇಲ್ಲ. ರಿಜಿಸ್ಟ್ರಾರ್ ಆಫೀಸಿನಲ್ಲಿ ಸಾಕ್ಷಿಯ ಸಹಿ ಹಾಕಿದವಳು ನಾನೇ. ಸಿಟ್ಟು ಮಾಡಿಕೊಳ್ಳಲು ಒಂದು ಕಾರಣವನ್ನೂ ಕೊಡದಷ್ಟು ಒಳ್ಳೆಯ ಮನುಷ್ಯ. ಅದಕ್ಕೂ ನನಗೆ ಸಿಟ್ಟು ಬಂತು. ಅವಳು ಸ್ವಯಂನಿವೃತ್ತಿ ತೆಗೆದುಕೊಂಡು ಹೊರಟಾಗ, "ನಲವತ್ತು ಮುಗಿಸು, ನನಗ ಹೇಳು" ಎಂದಳು. ಹೂಂ ಎಂದೆ. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೊಟ್ಟೆಕಿಚ್ಚಿಗಿಂತ ಹೆಚ್ಚಾಗಿ, ಸಂಜೆ ಮನೆಗೆ ಬಂದು ಬೀಗ ತೆಗೆದು ಲೈಟು ಹಾಕುವಾಗ, ಈ ಮನೆಯಲ್ಲಿ ನನ್ನ ದನಿ ಕೊನೆಯ ಸಲ ಕೇಳಿದ್ದು ಯಾವಾಗ ಎಂದು ಯೋಚನೆ ಬರತೊಡಗಿತು. ಹನ್ನೊಂದು ವರ್ಷ ನನ್ನ ಮಾತೆಲ್ಲ ಆಫೀಸಿನ ಪಕ್ಕದ ಟೇಬಲ್ಲಿನಲ್ಲೇ ಮುಗಿದುಹೋಗುತ್ತಿತ್ತು. ಮನೆಗೆ ತರಲು ಏನೂ ಉಳಿಯುತ್ತಿರಲಿಲ್ಲ, ಹಾಗಾಗಿ ಮನೆ ಖಾಲಿ ಎಂದು ನನಗೆ ಗೊತ್ತೇ ಆಗಿರಲಿಲ್ಲ.

ಮುಂದಿನ ಸೋಮವಾರ ಒಬ್ಬಳೇ ಕೊಳಕ್ಕೆ ಹೋದೆ. ಸೀಟಿ ಊದಿದಾಗ ಮೂವತ್ತೆರಡು. ಬಹುಶಃ ಮೂವತ್ತೊಂದು, ಲೆಕ್ಕ ತಪ್ಪಿತ್ತು. ಇಡೀ ವಾರ ಅಷ್ಟೇ. ಕೋಚ್ ಬಂದು ಸಮಾಧಾನ ಹೇಳುತ್ತಾಳೆ ಎಂದುಕೊಂಡೆ.

"ಮುಂದಿನವರ ಕಾಲ ಹಿಂದ ಇರೂ ನೀರು ನಿಮ್ಮನ್ನ ಎಳಕೊಂಡು ಹೋಗತಿತ್ರಿ. ಅವರು ಕೊಟ್ಟ ಪುಕ್ಕಟೆ ಸ್ಪೀಡ್ ಅದು," ಎಂದಳು ಅವಳು. "ಈಗ ನೋಡ್ರಿ, ಇದು ನಿಮ್ಮ ಖರೇ ಸ್ಪೀಡ್."

ಖರೇ ಸ್ಪೀಡ್ ಮೂವತ್ತೆರಡು. ಬೇರೆಯವರ ಬೆನ್ನ ಹಿಂದೆ ಮೂವತ್ತೆಂಟು. ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು, ನಾನು ಬದುಕಿನಲ್ಲಿ ಮಾಡಿದ ಉಳಿದ ಕೆಲಸಗಳಲ್ಲೂ ಹೀಗೇ ಇರಬಹುದೇ ಎಂದು ಯೋಚಿಸಿದೆ. ಆಫೀಸಿಗೆ ಹೊತ್ತಾಯಿತೆಂದು ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ನಾನು ಹಟಕ್ಕೆ ಬಿದ್ದೆ. ಮೊದಲ ನಾಲ್ಕು ಲ್ಯಾಪ್ ಸಿಟ್ಟಿನಿಂದ ಹೊಡೆದು, ಹತ್ತನೆಯದಕ್ಕೆ ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದೆ. ಕೋಚ್ ತಿದ್ದುತ್ತ ಬಂದಳು. ಮೊದಲಿಗೇ ಎಲ್ಲ ಖರ್ಚು ಮಾಡಬೇಡಿ. ಕೈಯನ್ನು ಮುಂದಕ್ಕೆ ಪೂರ್ತಿ ಚಾಚಿ, ಆಮೇಲೆ ನೀರು ಎಳೆಯಿರಿ. ಕಾಲು ಕಡಿಮೆ ಬಡಿಯಿರಿ. ಒಂದು ಲ್ಯಾಪಿಗೆ ಇಪ್ಪತ್ತೆಂಟು ಸಲ ಕೈ ಬೀಸುತ್ತಿದ್ದವಳು ಮಳೆಗಾಲ ಮುಗಿಯುವ ಹೊತ್ತಿಗೆ ಇಪ್ಪತ್ನಾಲ್ಕಕ್ಕೆ ಇಳಿದೆ. ಲ್ಯಾಪ್ ಮೂವತ್ತನಾಲ್ಕಕ್ಕೆ ಏರಿ, ಅಲ್ಲೇ ಕಚ್ಚಿಕೊಂಡು ನಿಂತಿತು. ಎರಡು ದೋಷ ಮಾತ್ರ ಹೋಗಲೊಲ್ಲವು. ಒಂದು, ನೀರಿನೊಳಗೆ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಇನ್ನೊಂದು, ಉಸಿರೆಳೆಯಲು ಮುಖವನ್ನು ಪಕ್ಕಕ್ಕೆ ಹೊರಳಿಸುವ ಬದಲು ಇಡೀ ತಲೆಯನ್ನೇ ಎತ್ತುತ್ತಿದ್ದೆ. ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ಸೊಂಟ ಮುಳುಗಿದರೆ ವೇಗ ಸತ್ತಿತು.

"ತಲಿ ಎತ್ತಿ ಎತ್ತಿ ಯಾರನ್ನ ಹುಡುಕ್ತೀರಿ ಮೇಡಂ?" ಎಂದು ಕೇಳಿದಳು ಒಂದು ದಿನ.

ಯಾರನ್ನೂ ಇಲ್ಲ ಎಂದೆ. ದಂಡೆಯ ಮೇಲೊಂದು ಸಿಮೆಂಟಿನ ಬೆಂಚಿದೆ. ಗೆಳತಿಯ ಹಳದಿ ಟವೆಲ್ಲು ಅಲ್ಲಿ ಬಿದ್ದಿರುತ್ತಿತ್ತು. ಪ್ರತಿ ಉಸಿರಿಗೂ ನಾನು ಆ ಬೆಂಚು ನೋಡುತ್ತಿದ್ದೆ.

ದೀಪಾವಳಿಯಾದ ಮೇಲೆ ಊರಿಗೆ ಹೋದೆ. ನಮ್ಮದು ಖಾನಾಪುರ ತಾಲೂಕಿನಲ್ಲಿ, ಬೀಡಿ ಎಂಬ ಊರಿನ ಹತ್ತಿರದ ಹಳ್ಳಿ. ಕುರಿ ಕಾಯುವ ಮನೆತನ. ಈಗ ಕುರಿ ನೋಡಿಕೊಳ್ಳುವವನು ತಮ್ಮ. ಅಪ್ಪ ಕೋಲು ಹಿಡಿದು ಎಲ್ಲರಿಗೂ ಅಪ್ಪಣೆ ಕೊಡುತ್ತ ಓಡಾಡಿಕೊಂಡಿರುತ್ತಾನೆ. ನಾನು ಈಜು ಕಲಿತೆ ಎಂದು ಮೊದಲು ಹೇಳಿದಾಗ, "ಕುರಿ ತೊಳಿಯಾಕ ನೀರಿಗಿಳೀತಾರ. ನೀ ಏನ ತೊಳೀತಿ?" ಎಂದು ಕೇಳಿದವನು. ಅವನಿಗೆ ಸುಮ್ಮನೆ ಈಜುವುದು ಇನ್ನೂ ಅರ್ಥವಾಗಿಲ್ಲ.

ಮರುದಿನ ಬೆಳಿಗ್ಗೆ ಕುರಿ ತೊಳೆಯುವುದಿತ್ತು. ಉಣ್ಣೆ ಕತ್ತರಿಸುವ ಮೊದಲು ಮಂದೆಯನ್ನು ಹೊಳೆಗೆ ಹೊಡೆದು ಆಚೆ ದಂಡೆಗೆ ಈಜಿಸುತ್ತಾರೆ. ಮೈಯ ಮಣ್ಣು, ಮುಳ್ಳು ಎಲ್ಲ ಬಿಟ್ಟುಹೋಗಬೇಕು. ಚಿಕ್ಕಂದಿನಲ್ಲಿ ನಾನೂ ದಂಡೆಯ ಮೇಲೆ ನಿಂತು ನೋಡಿದ್ದೆ. ಆದರೆ ಈ ಸಲ ನೋಡುವ ಕಣ್ಣು ಬೇರೆಯಾಗಿತ್ತು. ಮುಂದಿನ ಕುರಿ ನೀರಿಗಿಳಿದ ಕೂಡಲೇ ಹಿಂದಿನದು ಅದರ ಬೆನ್ನ ಮೇಲೆ ಗದ್ದ ಇಟ್ಟಿತು. ಅದರ ಬೆನ್ನ ಮೇಲೆ ಇನ್ನೊಂದರ ಗದ್ದ. ಹೀಗೆ ಸಾಲಾಗಿ, ಯಾವುದೂ ಅವಸರಪಡದೆ, ಎಲ್ಲವೂ ದಾಟಿದವು. ನನಗೆ ನಗು ಬಂತು, ನಾಚಿಕೆಯೂ ಆಯಿತು. ಒಂದೂವರೆ ವರ್ಷ ನಾನು ಈಜಿದ್ದು ಹೀಗೇ.

ಒಂದು ಕುರಿ ಮಾತ್ರ ಹಿಂದೆ ಉಳಿದಿತ್ತು. ಜಾಲಿಯ ಮರೆಯಲ್ಲಿ ಏನೋ ತಿನ್ನುತ್ತ ನಿಂತು, ತಲೆ ಎತ್ತಿ ನೋಡಿದರೆ ಯಾರೂ ಇಲ್ಲ. ತಮ್ಮ ಹಿಂದಿನಿಂದ ಅಟ್ಟಿದ. ನೀರಿಗೇನೋ ಬಿತ್ತು. ನಡುಹೊಳೆಗೆ ಬಂದದ್ದೇ ಸುತ್ತ ತಿರುಗತೊಡಗಿತು. ಈ ದಂಡೆ ನೋಡುತ್ತದೆ, ಆ ದಂಡೆ ನೋಡುತ್ತದೆ, ಅರಚುತ್ತದೆ, ಅರಚಿದಾಗ ಬಾಯಿಗೆ ನೀರು ಹೋಗುತ್ತದೆ.

"ದಣಿದೈತಿ, ಹೋಗಿ ಹಿಡೀರಿ!" ಎಂದು ನಾನು ಕೂಗಿದೆ.

ಅಪ್ಪ ಆಗಲೇ ಆಚೆ ದಂಡೆಯಲ್ಲಿದ್ದ. ಅವನು ಅವಸರ ಮಾಡಲಿಲ್ಲ. ತುಟಿ ಕೂಡಿಸಿ, ನಡುಗಿಸಿ, ಕುರಿ ಕರೆಯುವ ದನಿ ಹೊರಡಿಸಿದ. "ಹುರ್ರ್ರ್ರ್ರ್... ಹಾ. ಹುರ್ರ್ರ್ರ್ರ್... ಹಾ." ಹೆಚ್ಚಿಲ್ಲ, ಕಡಿಮೆಯಿಲ್ಲ, ಒಂದೇ ಸಮ. ಕುರಿಯ ಕಿವಿ ನಿಂತಿತು. ತಿರುಗುವುದು ನಿಂತಿತು. ಆ ದನಿಯ ಕಡೆಗೆ ಮೂತಿ ಮಾಡಿ, ಬಾಯಿ ಮುಚ್ಚಿಕೊಂಡು, ನೆಟ್ಟಗೆ ಈಜಿ ದಂಡೆಗೆ ಹತ್ತಿತು. ಮೈ ಝಾಡಿಸಿ ಅಪ್ಪನ ಧೋತರವನ್ನೆಲ್ಲ ತೋಯಿಸಿತು.

ಬುತ್ತಿ ಬಿಚ್ಚಿ ರೊಟ್ಟಿ ತಿನ್ನುವಾಗ ಕೇಳಿದೆ, ಅದು ಸಾಯುತ್ತದೆ ಅಂತ ನಿನಗೆ ಭಯವಾಗಲಿಲ್ಲವೇ ಎಂದು.

"ಅದಕ್ಕ ಕಸುವು ಇಲ್ಲಂತಲ್ಲವ್ವಾ," ಎಂದ ಅಪ್ಪ. "ಒಂದ ಇದ್ರ ಕುರಿ ಹಿಂದ ಮುಂದ ನೋಡಿ ನೋಡಿ ದಣೀತೈತಿ. ಆ ದಂಡಿಯಿಂದ ಒಂದು ದನಿ ಬೇಕು ಅದಕ್ಕ. ದನಿ ತಪ್ಪಬಾರದು, ಅಷ್ಟ."

ಆ ದನಿ ನನಗೂ ಬರುತ್ತಿತ್ತು. ಹೈಸ್ಕೂಲಿಗೆಂದು ಬೆಳಗಾವಿಯ ಹಾಸ್ಟೆಲಿಗೆ ಸೇರಿದ ಹೊಸದರಲ್ಲಿ, ಅಂಗಳದ ಆಚೆ ತುದಿಯಲ್ಲಿದ್ದ ಹುಡುಗಿಯೊಬ್ಬಳನ್ನು ಹಾಗೆ ಕರೆದಿದ್ದೆ. ಹೆಸರು ಕರೆಯುವುದಕ್ಕಿಂತ ಅದು ಸುಲಭವಾಗಿತ್ತು. ಇಡೀ ಹಾಸ್ಟೆಲು ಬಿದ್ದು ಬಿದ್ದು ನಕ್ಕಿತು. ಮೂರು ವರ್ಷ ನನ್ನನ್ನು ಕುರಿ ಎಂದೇ ಕರೆದರು. ಅಂದಿನಿಂದ ಆ ದನಿಯನ್ನು ನಾನು ಹೊರಡಿಸಿಲ್ಲ, ಊರಿಗೆ ಬಂದಾಗಲೂ.

ಬೆಳಗಾವಿಗೆ ಮರಳಿದೆ. ಚಳಿ ಶುರುವಾಗಿತ್ತು. ಬ್ಯಾಚಿನ ಹೆಂಗಸರು ಒಬ್ಬೊಬ್ಬರಾಗಿ ನೆಗಡಿ, ಮದುವೆ, ಮಕ್ಕಳ ಪರೀಕ್ಷೆ ಎಂದು ಬಿಡತೊಡಗಿದರು. ಡಿಸೆಂಬರಿನಲ್ಲಿ ಎಷ್ಟೋ ದಿನ ನೀರಿನಲ್ಲಿ ನಾನೊಬ್ಬಳೇ. ಕೋಚ್ ಸ್ವೆಟರು ಹಾಕಿಕೊಂಡು ದಂಡೆಯ ಮೇಲೆ ಮೊಬೈಲು ನೋಡುತ್ತ ಕುಳಿತಿರುತ್ತಿದ್ದಳು. ನೀರಿನ ಮೇಲೆ ಹೊಗೆಯಂತೆ ಮಂಜು. ಅಂಥ ಒಂದು ಬೆಳಿಗ್ಗೆ, ಕೇಳುವವರು ಯಾರೂ ಇಲ್ಲ ಎಂಬ ಧೈರ್ಯದಿಂದ, ಮುಖವನ್ನು ನೀರಿನೊಳಗಿಟ್ಟು ತುಟಿ ನಡುಗಿಸಿದೆ. ಹುರ್ರ್ರ್ರ್ರ್. ಗುಳ್ಳೆಗಳು ಕೆನ್ನೆಗೆ ಕಚಗುಳಿಯಿಟ್ಟು ಮೇಲೆ ಹೋದವು. ಹಾ ಎನ್ನಲು ಬಾಯಿ ತೆರೆಯಬೇಕು. ಅದಕ್ಕೆ ಮುಖ ಪಕ್ಕಕ್ಕೆ ಹೊರಳಿತು, ಗಾಳಿ ತಾನಾಗಿ ಒಳಗೆ ಬಂತು.

ತಿಂಗಳುಗಟ್ಟಲೆ ಕೋಚ್ ಹೇಳುತ್ತಿದ್ದದ್ದು ಇದನ್ನೇ. ನೀರಿನೊಳಗೆ ಉಸಿರು ಬಿಡಿ, ಹೊರಗೆ ತಗೊಳ್ಳಿ. ನನ್ನ ಎದೆಗೆ ಅದು ತಿಳಿಯಲು ಅಪ್ಪನ ದನಿ ಬೇಕಾಯಿತು.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತೆಂದಲ್ಲ. ಮೊದಲ ವಾರ ನಗು ಬಂದು ಮೂಗಿಗೆ ನೀರು ಹತ್ತಿಸಿಕೊಂಡೆ. ಒಂದು ದಿನ ಮೂವತ್ತೈದು, ಮರುದಿನ ಮತ್ತೆ ಮೂವತ್ಮೂರು. ದನಿ ಒಂದೇ ಸಮ ಇದ್ದರೆ ಕೈಯೂ ಒಂದೇ ಸಮ ಎಂದು ನಿಧಾನಕ್ಕೆ ತಿಳಿಯಿತು. ಮೂರು ಕೈ ಬೀಸುವಷ್ಟು ಹೊತ್ತು ಹುರ್ರ್, ಆಮೇಲೆ ಹಾ. ಸಿಟ್ಟು ಬಂದರೆ ದನಿ ಒಡೆಯುತ್ತಿತ್ತು. ಹಾಗಾಗಿ ಸಿಟ್ಟನ್ನು ಸ್ಕೂಟಿಯಲ್ಲೇ ಬಿಟ್ಟು ಬರಲು ಕಲಿತೆ. ಬೆಂಚಿನ ಕಡೆ ತಲೆ ಏಳುವುದು ಯಾವತ್ತು ನಿಂತಿತೋ ನನಗೂ ಗೊತ್ತಿಲ್ಲ. ಸಂಕ್ರಾಂತಿಯ ಹೊತ್ತಿಗೆ ಮೂವತ್ತೊಂಬತ್ತು ಬಂತು. ಸೀಟಿ ಊದಿದಾಗ ನಡುನೀರಿನಲ್ಲಿದ್ದೆ.

ಫೆಬ್ರವರಿಯ ಒಂದು ಮಂಗಳವಾರ ಹಾಗಾಗಲಿಲ್ಲ. ಕೊನೆಯ ಗೋಡೆಗೆ ಕೈ ತಾಗಿತು. ತಲೆ ಹೊರಗೆ ಹಾಕಿ ಸೀಟಿಗೆ ಕಿವಿಗೊಟ್ಟೆ. ಸೀಟಿ ಇಲ್ಲ. ಗೋಡೆಯ ಗಡಿಯಾರ ನೋಡಿದೆ. ಇನ್ನೂ ಒಂದು ನಿಮಿಷದ ಮೇಲೆ ಉಳಿದಿತ್ತು. ಲೆಕ್ಕ ತಪ್ಪಿರಬಹುದೆಂದು ಸಂಶಯಪಟ್ಟು, ಇನ್ನೊಂದು ಲ್ಯಾಪ್ ಹಾಕಿ ಬಂದು ಗೋಡೆ ಹಿಡಿದು ನಿಂತೆ.

ಕೋಚ್ ಮೊಬೈಲಿನಿಂದ ತಲೆ ಎತ್ತಿದಳು. "ಯಾಕ ನಿಂತ್ರಿ ಮೇಡಂ? ಸೀಟಿ ಊದಿಲ್ಲಲ್ಲ ಇನ್ನಾ. ಆಗಲಿಲ್ಲೇನು ಇವತ್ತ?"

"ಮುಗೀತ್ರಿ," ಎಂದೆ.

ಅವಳು ನಂಬಲಿಲ್ಲ ಅನಿಸುತ್ತದೆ. ಆದರೂ, "ಭಾರಿ ಆತಲ್ರೀ" ಎಂದು ಎದ್ದು, ಗಡಿಯಾರ ನೋಡಿ, ನನ್ನೊಬ್ಬಳಿಗಾಗಿ ಸೀಟಿ ಊದಿದಳು.

ಬೆಂಚಿನ ಮೇಲೆ ಕುಳಿತು ಗೆಳತಿಗೆ ಮೆಸೇಜು ಕಳಿಸಿದೆ: ನಲವತ್ತು ಮುಗಿಯಿತು, ಸೀಟಿಗಿಂತ ಮೊದಲು. ಐದು ನಿಮಿಷ ಕಾದೆ. ಒಂದು ಹೆಬ್ಬೆರಳು ಬಂತು, ಹಿಂದೆಯೇ ಒಂದು ಹೂಗುಚ್ಛ. ಅವಳು ಒಲೆಯ ಮುಂದೆ ಇದ್ದಿರಬೇಕು, ಬೆಳಗಿನ ಹೊತ್ತು. ತಪ್ಪು ಅವಳದಲ್ಲ. ಆದರೆ ಆ ಹೂಗುಚ್ಛ ನೋಡಿದ್ದೇ ನನಗೆ ಅಳು ಬಂತು. ಕೂದಲಿನಿಂದ ಹೇಗೂ ನೀರು ಇಳಿಯುತ್ತಿತ್ತು, ಯಾರಿಗೂ ತಿಳಿಯುವಂತಿರಲಿಲ್ಲ. ತಿಳಿಯಲು ಅಲ್ಲಿ ಯಾರೂ ಇರಲೂ ಇಲ್ಲ.

ಅಪ್ಪನಿಗೆ ಫೋನು ಮಾಡಿದೆ. ಕಿಲೋಮೀಟರು, ಲ್ಯಾಪು ಎಲ್ಲ ಅವನಿಗೆ ಹೇಗೆ ಹೇಳುವುದು? ನಲವತ್ತು ಸಲ ಹೊಳೆ ದಾಟಿದೆ ಎಂದೆ, ಒಂದೇ ಸಮ, ಎಲ್ಲೂ ನಿಲ್ಲದೆ.

"ಒಬ್ಬಾಕೀನ?" ಎಂದ.

"ಹೂಂ. ಒಬ್ಬಾಕೀನ."

"ಆ ದಂಡಿಯಾಗ ಯಾರಿದ್ರು?"

"ಯಾರೂ ಇರಲಿಲ್ಲಪ್ಪಾ."

ಅವನ ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು.

"ಮತ್ತ ಕರದವರು ಯಾರು?" ಎಂದು ಕೇಳಿದ.

"ನಾನಽ ಕರಕೊಂಡೆ," ಎಂದೆ.