ಆಕೆ ಅಳದ ಅಳು

ಮೂರು ವರ್ಷದ ಹಿಂದೆ, ಯುಗಾದಿ ಕಳೆದ ವಾರ ಶುರುವಾದ ಕಥೆ ಇದು. ಹಬ್ಬಕ್ಕೆಂದು ಕೊಟ್ಟಿದ್ದ ರವಿಕೆಗಳನ್ನು ಹಬ್ಬ ಮುಗಿದ ಮೇಲೆ ಹೊಲಿದು ಕೊಡುತ್ತ, ಗಿರಾಕಿಗಳ ಬೈಗುಳ ಕೇಳುತ್ತ ಕೂತಿದ್ದೆ. ಶಿರಸಿಯ ಒಂದು ಓಣಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿಯಿದೆ. ಆದರೆ ನಾಲ್ಕು ಜನ ನನ್ನನ್ನು ಗುರುತಿಸುವುದು ಹೊಲಿಗೆಯಿಂದಲ್ಲ, ಮಾತಿನಿಂದ. ನಮ್ಮ ಮಹಿಳಾ ತಾಳಮದ್ದಳೆ ತಂಡದಲ್ಲಿ ನಾನು ಅರ್ಥ ಹೇಳುತ್ತೇನೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ನಾವು ಸಾಲಾಗಿ ಕೂತು ಆಯಾ ಪಾತ್ರದ ಪರವಾಗಿ ವಾದ ಮಾಡುತ್ತೇವೆ. ಈ ಶನಿವಾರ ಕೊಂದವನ ಕಡೆ ಮಾತಾಡಿದವಳು ಮುಂದಿನ ಶನಿವಾರ ಸತ್ತವನ ಕಡೆ ಮಾತಾಡಬೇಕು. ಎರಡೂ ದಿನ ಗೆಲ್ಲಬೇಕು. ನಾನು ಗೆಲ್ಲುತ್ತಿದ್ದೆ. ಜಂಬ ಎಂದುಕೊಂಡರೆ ಎಂದುಕೊಳ್ಳಿ.

ಧಾರವಾಡದ ಚೇತನಾ ಎಂಬ ಹುಡುಗಿ ನನ್ನನ್ನು ಹುಡುಕಿಕೊಂಡು ಅಂಗಡಿಗೆ ಬಂದದ್ದು ಇದೇ ಕಾರಣಕ್ಕೆ. ಸಿದ್ದಾಪುರದಲ್ಲಿ ನಮ್ಮ ಕಾರ್ಯಕ್ರಮ ನೋಡಿದ್ದಳಂತೆ. ಅವಳು ಗರ್ಭಪಾತದ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡುತ್ತಿದ್ದಳು. ಅದು ಹೆಣ್ಣಿನ ಹಕ್ಕು ಎನ್ನುವವರು, ಅದು ಪಾಪ ಎನ್ನುವವರು, ವೈದ್ಯರು, ವಕೀಲರು, ಎಲ್ಲರನ್ನೂ ಮಾತಾಡಿಸಿದ್ದಳು. ಚಿತ್ರ ಯಾರ ಕಡೆಗೂ ವಾಲಬಾರದು ಎಂಬುದು ಅವಳ ಹಟ. ಅದರಲ್ಲಿ ನಮ್ಮ ಸೀಮೆಯ ಇಬ್ಬರು ಹೆಂಗಸರ ಕಥೆಯೂ ಇತ್ತು. ಒಬ್ಬಾಕೆ ಬೇಡವೆಂದು ಗರ್ಭ ತೆಗೆಸಿಕೊಂಡವಳು, ಇನ್ನೊಬ್ಬಾಕೆ ಆಸ್ಪತ್ರೆಯ ಬಾಗಿಲಿನಿಂದ ಹಿಂದೆ ಬಂದು ಮಗುವನ್ನು ಹೆತ್ತವಳು. ಇಬ್ಬರ ಮುಖವನ್ನೂ ತೋರಿಸುವಂತಿರಲಿಲ್ಲ, ದನಿಯನ್ನೂ ಕೇಳಿಸುವಂತಿರಲಿಲ್ಲ. ಅವರ ಹೆಸರನ್ನು ನಾನೂ ಹೇಳುವುದಿಲ್ಲ. ಮೊದಲಿನಾಕೆ ಲಲಿತಾ, ಎರಡನೆಯಾಕೆ ಶಾರದಾ ಎಂದಿಟ್ಟುಕೊಳ್ಳಿ.

"ಇಬ್ಬರಿಗೂ ನೀವೇ ದನಿ ಕೊಡ್ರಿ ಮೇಡಂ," ಎಂದಳು ಚೇತನಾ. "ಇಬ್ಬರದೂ ಒಂದೇ ದನಿ ಇದ್ದರ ಯಾರಿಗೂ ಹೆಚ್ಚು ಕಡಿಮಿ ಮಾಡಿದಂಗ ಆಗೂದಿಲ್ಲ."

ಎರಡೂ ಕಡೆ ಮಾತಾಡುವುದು ನನಗೇನು ಹೊಸದೇ? ಒಪ್ಪಿಕೊಂಡೆ. ಒಂದು ಮನೆಯ ಹಿಂಗೋಣೆಯ ಗೋಡೆಗೆಲ್ಲ ಕಂಬಳಿ ಕಟ್ಟಿ, ಫ್ಯಾನ್ ಆರಿಸಿ, ನನ್ನನ್ನು ಮೈಕಿನ ಮುಂದೆ ಕೂರಿಸಿದರು. ಲಲಿತಾ ಹೇಳಿದ್ದನ್ನು ಚೇತನಾ ಕೇಳಿಕೊಂಡು ಕಾಗದಕ್ಕೆ ಇಳಿಸಿದ್ದಳು. ಊರು ಗೊತ್ತಾಗಬಾರದೆಂದು ಭಾಷೆಯನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿದ್ದಳು. ಶಾರದಾ ಮಾತ್ರ ಯಾರ ಮುಂದೆಯೂ ಬಾಯಿ ಬಿಡಲು ಒಪ್ಪದೆ, ಎರಡು ಹಾಳೆ ಬರೆದು ಇನ್ನೊಬ್ಬರ ಕೈಯಲ್ಲಿ ಕಳಿಸಿದ್ದರು. ನನ್ನ ಕೈಗೆ ಬಂದದ್ದು ಕಾಗದಗಳಷ್ಟೇ.

ಲಲಿತಾಳ ಕಾಗದದ ಕೊನೆಯಲ್ಲಿ ಹೀಗಿತ್ತು: "ಮಾಡಿಸಿಕೊಂಡು ಮನೆಗೆ ಬಂದೆವು. ಅವತ್ತು ಹೊಟ್ಟೆ ತುಂಬ ಉಂಡೆ. ಹಗುರ ಆಯಿತು ನನಗೆ."

ಇದನ್ನು ಒಣಒಣವಾಗಿ ಹೇಗೆ ಓದುವುದು? ಒಂದು ಜೀವ ಹೋದ ಪ್ರಸಂಗ. ಕಣ್ಣೀರಿಗೆ ಇಷ್ಟು ಜಾಗ ಇರುವಲ್ಲಿ ಅರ್ಥ ಹೇಳುವವಳು ಸುಮ್ಮನೆ ದಾಟಿ ಹೋದರೆ ನಾಳೆ ಯಾರೂ ಅವಳನ್ನು ಕರೆಯುವುದಿಲ್ಲ. "ಹಗುರ" ಎಂದು ಒಂದು ಕ್ಷಣ ನಿಲ್ಲಿಸಿದೆ. ಗಂಟಲಲ್ಲಿ ಒಂದು ಬಿಕ್ಕು ತಂದು, ಅದನ್ನು ನುಂಗಿದ ಹಾಗೆ ಮಾಡಿ, "ಆಯಿತು ನನಗೆ" ಎಂದು ಮುಗಿಸಿದೆ. ಚೇತನಾಳ ಕಣ್ಣು ಒದ್ದೆಯಾಗಿತ್ತು. ಇನ್ನೊಮ್ಮೆ ಓದುವುದು ಬೇಡ, ಇದೇ ಇರಲಿ ಎಂದಳು.

ಚಿತ್ರದ ಮೊದಲ ಪ್ರದರ್ಶನ ಶಿರಸಿಯಲ್ಲೇ ಆಯಿತು. ಸಣ್ಣ ಸಭಾಭವನ ತುಂಬಿತ್ತು. ಬಿಕ್ಕಿನ ಜಾಗ ಬಂದಾಗ ಹೆಂಗಸರ ಸಾಲಿನಲ್ಲಿ ಸೆರಗು ಕಣ್ಣಿಗೆ ಹೋದದ್ದನ್ನು ನಾನು ಹಿಂದೆ ನಿಂತು ಎಣಿಸುತ್ತಿದ್ದೆ. ಕೊನೆಯಲ್ಲಿ ಚರ್ಚೆ. ನಿವೃತ್ತ ಉಪನ್ಯಾಸಕರೊಬ್ಬರು ಎದ್ದು, ಇಂಥ ವಿಷಯವನ್ನು ಇಷ್ಟು ಸಮತೋಲನದಿಂದ ಹೇಳಿದ್ದನ್ನು ನಾನು ನೋಡಿಯೇ ಇರಲಿಲ್ಲ ಎಂದರು. ಪಾಪ ಎನ್ನುವವರೂ ಒಪ್ಪಿದರು, ಹಕ್ಕು ಎನ್ನುವವರೂ ಒಪ್ಪಿದರು. ಜಗಳ ಆದೀತೆಂದು ಹೆದರಿದ್ದ ಚೇತನಾ ನನ್ನ ಕೈ ಹಿಡಿದುಕೊಂಡೇ ಚಹಾ ಕುಡಿದಳು.

"ಎಂತ ಹೇಳವು ಮಾರಾಯ್ತಿ, ಆ ಬಿಕ್ಕು ಬಂದಾಗ ಆನೂ ಕಣ್ಣು ಒರೆಸ್ಕಂಡಿ," ಎಂದರು ನಮ್ಮ ಮನೆಯವರು ದಾರಿಯಲ್ಲಿ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನನ್ನ ಮಾತಿಗೆ ಅವರು ಕಣ್ಣು ಒರೆಸಿಕೊಂಡದ್ದು ಅದೇ ಮೊದಲು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಎಂಟು ದಿನದ ಮೇಲೆ, ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತಿಗೆ, ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ರವಿಕೆ ಬಟ್ಟೆ ಹಿಡಿದುಕೊಂಡು ಬಂದಳು. ಅಳತೆ ರವಿಕೆ ತಂದಿಲ್ಲ ಎಂದಳು. ನಾನು ಟೇಪು ತೆಗೆದುಕೊಂಡು ಭುಜದ ಅಳತೆ ಹಿಡಿದೆ.

"ಆ ಸಿನಿಮಾದಾಗ ಅತ್ತವರು ನೀವ ಅಲ್ರಿ?" ಎಂದಳು.

ಮೆಚ್ಚಲು ಬಂದಿದ್ದಾಳೆ ಎಂದು ಹಿಗ್ಗಿದೆ. "ಹೌದು ನೋಡಿ, ಹೇಗಿತ್ತು?" ಎಂದು ಕೇಳಿಯೇಬಿಟ್ಟೆ.

"ನಾ ಅತ್ತಿರಲಿಲ್ರಿ," ಎಂದಳು ಆಕೆ. "ಆ ಮಾತು ನಂದು. ಹೇಳುವಾಗ ನಾ ಅತ್ತಿರಲಿಲ್ಲ. ಮಾಡಿಸ್ಕೊಂಡು ಬಂದಾಗೂ ಅತ್ತಿರಲಿಲ್ಲ."

ಟೇಪು ಅವಳ ಭುಜದ ಮೇಲೆಯೇ ಉಳಿಯಿತು. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟೆ. ಬಾಗಿಲನ್ನು ಅರ್ಧ ಮುಚ್ಚಿದೆ. ಲಲಿತಾ ಬನವಾಸಿ ಕಡೆಯವಳು ಎನ್ನೋಣ. ಶಾಲೆಯಲ್ಲಿ ಬಿಸಿಯೂಟ ಮಾಡುವ ಕೆಲಸ. ಗಂಡ ಅನಾನಸ್ ಹೇರುವ ಟೆಂಪೊ ಓಡಿಸುತ್ತಾನೆ. ಆರು ವರ್ಷದ ಹಿಂದೆ, ಎರಡನೆಯ ಕೂಸು ಎಂಟು ತಿಂಗಳದ್ದಿರುವಾಗ ಮತ್ತೆ ಗರ್ಭ ನಿಂತಿತ್ತು. ಅತ್ತೆ ಹಾಸಿಗೆ ಹಿಡಿದಿದ್ದರು. ಇನ್ನೊಂದು ತನ್ನಿಂದ ಆಗುವುದಿಲ್ಲ ಎಂದು ತಾನೇ ಯೋಚಿಸಿ, ತಾನೇ ಗಂಡನಿಗೆ ಹೇಳಿದ್ದಳು. ಅವನು ಎದುರು ಮಾತಾಡದೆ ಜೊತೆಗೆ ಬಸ್ ಹತ್ತಿದ್ದ. ಅದಾದ ಮೇಲೆ ಇಬ್ಬರೂ ಚೆನ್ನಾಗಿಯೇ ಇದ್ದರು.

"ಸಿನಿಮಾ ನೋಡಿ ಬಂದಾಗಿಂದ ಅವರು ಸರಿಯಾಗಿ ಮಾತಾಡವಲ್ರು," ಎಂದಳು. "ಇಷ್ಟು ವರ್ಷ ಒಳಗೊಳಗ ಅಳಾಕತ್ತಿದ್ದಿ, ಆ ಹುಡುಗಿ ಮುಂದ ಅತ್ತಿ, ನನ್ನ ಮುಂದ ಅಳಲಿಲ್ಲ ಅಂತಾರ. ಅದು ನನ್ನ ಅಳು ಅಲ್ಲ ಅಂದರ, ಮತ್ಯಾರದು, ಸಿನಿಮಾದವರು ತಮ್ಮ ಕಿಸೆದಾಗಿಂದ ತಂದು ಹಾಕಿದರೇನು ಅಂತಾರ. ಬಸ್ ಹತ್ತಿಸಿದ್ದು ತಮ್ಮದ ತಪ್ಪು ಅಂದ್ಕೊಂಡಾರ. ನೀವು ಒಮ್ಮೆ ಬಂದು ಹೇಳ್ರಿ. ನನ್ನ ಮಾತು ಅವರು ನಂಬವಲ್ರು."

ಬರುತ್ತೇನೆ ಎಂದೆ. ಆದರೆ ಅವಳು ಹೋದ ಕೂಡಲೇ ಚೇತನಾಳಿಗೆ ಫೋನು ಮಾಡಿ ಹಾರಾಡಿದೆ. "ಆಕೆ ಅತ್ತಿರಲಿಲ್ಲ ಎಂದು ನಿನಗೆ ಗೊತ್ತಿತ್ತಲ್ಲ, ಎದುರಿಗೇ ಕೂತು ಕೇಳಿದವಳು ನೀನು." "ಗೊತ್ತಿತ್ರಿ. ಆದರ ಆ ಬಿಕ್ಕು ಇತ್ತಂತನ ಜನ ಆಕಿನ್ನ ಒಪ್ಪಿದರು. ಅದನ್ನ ತೆಗೆದರ ನೋಡ್ರಿ, ಚಿತ್ರ ಒಂದು ಕಡೆ ವಾಲೇತಿ ಅಂತಾರ," ಎಂದಳು. ಸಿಟ್ಟು ಬಂದದ್ದು ಅವಳ ಮೇಲಲ್ಲ ಎಂಬುದು ಫೋನಿಟ್ಟ ಮೇಲೆ ಗೊತ್ತಾಯಿತು. ಆದರೂ ನಾಲ್ಕು ದಿನ ಹೋಗದೆ ನೆಪ ಹೇಳಿಕೊಂಡೆ. ಕೊನೆಗೆ ನಮ್ಮ ಮನೆಯವರೇ, "ಹೋಗಿ ಹೇಳಿಕ್ಕಿ ಬಾ. ಇಲ್ದಿದ್ರೆ ನಿಂಗೂ ನಿದ್ದೆ ಬತ್ತಿಲ್ಲೆ, ನಂಗೂ ಬಪ್ಪಲೆ ಕೊಡ್ತಿಲ್ಲೆ," ಎಂದರು.

ಭಾನುವಾರ ಬನವಾಸಿ ಬಸ್ ಹತ್ತಿದೆ. ನಾನು ಹೋದಾಗ ಲಲಿತಾಳ ಗಂಡ ಅಂಗಳದಲ್ಲಿ ಟೆಂಪೊ ತೊಳೆಯುತ್ತಿದ್ದ. ಬಸವರಾಜ ಎಂದಿಟ್ಟುಕೊಳ್ಳಿ. ಎತ್ತರದ ಆಳು, ಮಾತು ಕಡಿಮೆ. "ಬರ್ರಿ, ಕುಂದರ್ರಿ," ಎಂದು ಪ್ಲಾಸ್ಟಿಕ್ ಕುರ್ಚಿಯನ್ನು ಟವೆಲ್ಲಿನಿಂದ ಒರೆಸಿ ಹಾಕಿದ. ಮಕ್ಕಳನ್ನು ಲಲಿತಾ ಪಕ್ಕದ ಮನೆಗೆ ಕಳಿಸಿದ್ದಳು.

"ಸಿನಿಮಾದಲ್ಲಿ ಅತ್ತದ್ದು ನಿಮ್ಮ ಹೆಂಡತಿ ಅಲ್ಲ. ನಾನು," ಎಂದೆ. "ಕಾಗದದಲ್ಲಿ ಅಳು ಇರಲಿಲ್ಲ."

ಅವನು ನಲ್ಲಿ ಬಂದ್ ಮಾಡಿದ. "ನೀವು ಯಾಕ ಅತ್ತಿರಿ?"

ಎಂಥೆಂಥ ಪ್ರಶ್ನೆಗೆ ಎದುರು ಪ್ರಶ್ನೆ ಎಸೆದು ಚಪ್ಪಾಳೆ ಗಿಟ್ಟಿಸಿದವಳು ನಾನು. ಚಂದ ಕಾಣಲಿ ಎಂದು ಅತ್ತೆ ಎನ್ನಬಹುದಿತ್ತು. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. "ಅಂಥ ಕೆಲಸ ಮಾಡಿಸಿಕೊಂಡವಳು ಅಳಲೇಬೇಕಿತ್ತು ಎಂದು ನನಗೆ ಅನ್ನಿಸಿತ್ತು," ಎಂದೆ. "ಅಳದಿದ್ದರೆ ಅವಳನ್ನು ನಾನು ಕ್ಷಮಿಸುತ್ತಿರಲಿಲ್ಲವೇನೋ. ಅದಕ್ಕೆ ಅವಳ ಪರವಾಗಿ ನಾನೇ ಅತ್ತುಬಿಟ್ಟೆ. ನಾನು ತಪ್ಪು ಮಾಡಿದೆ."

ಲಲಿತಾ ಬಾಗಿಲಲ್ಲಿ ನಿಂತಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಬಸವರಾಜ ಟೆಂಪೊದ ಬಾನೆಟ್ಟಿಗೆ ಒರಗಿ ನಿಂತ. "ಹನ್ನೆರಡು ದಿನ ಆತ್ರಿ ನನಗ ಅನ್ನ ಸೇರದ," ಎಂದ. "ಆರು ವರ್ಷ ಈಕಿ ನಕ್ಕಿದ್ದೆಲ್ಲ ಸುಳ್ಳ ಇತ್ತೇನು ಅಂತ. ಒಂದೊಂದು ದಿನ ಹಿಂದಕ್ಕ ಹೋಗಿ ನೆನಪು ಮಾಡ್ಕೊಂಡೇನಿ. ಅವತ್ತು ನಕ್ಕಿದ್ದಳಲ್ಲ, ಅದು ಖರೇ ಏನು, ಇವತ್ತು ನಕ್ಕಳಲ್ಲ, ಇದು ಖರೇ ಏನು ಅಂತ." ಆಮೇಲೆ ಹೆಂಡತಿಯ ಕಡೆ ತಿರುಗಿ, "ನಿನ್ನ ಮಾತು ನಂಬಬೇಕಿತ್ತು," ಎಂದ. ಲಲಿತಾ ಒಳಗೆ ಹೋಗಿ ಮೂರು ತಾಟು ಇಟ್ಟಳು. ನಾನು ಅವರ ಮನೆಯಲ್ಲಿ ಊಟ ಮಾಡಿ ಬಂದೆ.

ಬಿಕ್ಕು ತೆಗೆಯದೆ ಚಿತ್ರವನ್ನು ಇನ್ನೆಲ್ಲೂ ತೋರಿಸಬಾರದು ಎಂದು ಪಟ್ಟು ಹಿಡಿದೆ. ಚೇತನಾ ಒಪ್ಪಿದಳು. ಅವಳಿಗೂ ಒಳಗೆ ಚುಚ್ಚುತ್ತಿತ್ತೆಂದು ಕಾಣುತ್ತದೆ. ಮತ್ತೆ ಅದೇ ಕಂಬಳಿಯ ಕೋಣೆ. ಈ ಸಲ ಲಲಿತಾಳನ್ನೂ ಕರೆಸಿಕೊಂಡೆ. "ಹಗುರ ಆಯಿತು ನನಗೆ" ಎಂಬ ಮೂರು ಶಬ್ದ. ಎಂಟು ಸಲ ಹೇಳಿದೆ. ಪ್ರತಿ ಸಲವೂ ಲಲಿತಾ ತಲೆ ಅಲ್ಲಾಡಿಸಿದಳು. "ಇನ್ನೂ ಅಳಾಕತ್ತೀರಿ," ಎಂದಳು ಒಮ್ಮೆ. ಇನ್ನೊಮ್ಮೆ, "ಈಗ ಭಾಷಣ ಆತ್ರಿ," ಎಂದಳು. ನನಗೆ ರೇಗಿತು. ನೀನೇ ಹೇಳಿ ತೋರಿಸು ಎಂದೆ. ಅವಳು ಹೇಳಿದಳು. ಬಿಸಿಯೂಟದ ಮಕ್ಕಳಿಗೆ ಸಾರು ಮುಗಿಯಿತು ಎಂದು ಹೇಳುವಾಗ ಯಾವ ದನಿ ಇರುತ್ತದೋ ಅದೇ ದನಿ. ಹನ್ನೊಂದನೆಯ ಸಲಕ್ಕೆ ನನಗೆ ಬಂತು.

ಮುಂದಿನ ಪ್ರದರ್ಶನ ಯಲ್ಲಾಪುರದಲ್ಲಿ. ಅಲ್ಲಿ ತಮ್ಮ ಗುರುತಿನವರು ಯಾರೂ ಇಲ್ಲವೆಂದು ಲಲಿತಾ, ಬಸವರಾಜ ಇಬ್ಬರೂ ಬಂದಿದ್ದರು. ನಮ್ಮ ಕಡೆಯ ಸಭೆಗಳ ಪದ್ಧತಿಯಂತೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತಿದ್ದರು. ಆ ಮೂರು ಶಬ್ದ ಬಂದಾಗ ಯಾರ ಸೆರಗೂ ಕಣ್ಣಿಗೆ ಹೋಗಲಿಲ್ಲ. ಸಭೆ ಒಂದು ಸಲ ಗುಜುಗುಜು ಎಂದು ಸುಮ್ಮನಾಯಿತು.

ಚರ್ಚೆ ಶುರುವಾದದ್ದೇ ಹಿರಿಯರೊಬ್ಬರು ಎದ್ದರು. ಸಭ್ಯ ಮನುಷ್ಯ, ದನಿ ಏರಿಸಲಿಲ್ಲ. "ಚಿತ್ರ ಚೆನ್ನಾಗಿದೆ ತಂಗಿ. ಆದರೆ ಏಕಪಕ್ಷೀಯವಾಯ್ತು. ಆ ಹೆಂಗಸಿಗೆ ಒಂಚೂರೂ ಪಶ್ಚಾತ್ತಾಪ ಇಲ್ಲ. ನೀವು ಅದನ್ನ ಹಂಗೇ ಬಿಟ್ಟಿದ್ರಿ," ಎಂದರು. ಸುತ್ತ ಹತ್ತಾರು ತಲೆಗಳು ಹೌದೆಂದವು. ಚೇತನಾ ನನ್ನ ಕಡೆ ನೋಡಿದಳು. ಅವಳು ಹೇಳಿದ್ದಂತೆಯೇ ಆಗಿತ್ತು. ಶಿರಸಿಯಲ್ಲಿ ತೋರಿಸಿದ ಚಿತ್ರಕ್ಕೂ ಇದಕ್ಕೂ ಒಂದು ಬಿಕ್ಕಿನ ವ್ಯತ್ಯಾಸ ಬಿಟ್ಟರೆ ಬೇರೇನೂ ಇರಲಿಲ್ಲ.

ಆಗ ಗಂಡಸರ ಕಡೆಯಿಂದ ಬಸವರಾಜ ಎದ್ದ. ಜಗಳಕ್ಕೆ ನಿಲ್ಲುತ್ತಾನೋ, ಹೊರಗೆ ಹೋಗಿಬಿಡುತ್ತಾನೋ ಎಂದುಕೊಂಡೆ. ಅವನು ಎರಡೂ ಮಾಡಲಿಲ್ಲ. ನಡುವಿನ ದಾರಿ ದಾಟಿ ಹೆಂಗಸರ ಕಡೆಗೆ ಬಂದು, "ಸ್ವಲ್ಪ ಸರೀರಿ ಅಕ್ಕಾರ," ಎಂದು ಒಬ್ಬರನ್ನು ಸರಿಸಿ, ಲಲಿತಾಳ ಪಕ್ಕದ ಕುರ್ಚಿಯಲ್ಲಿ ಕೂತ. ಚರ್ಚೆ ಮುಗಿಯುವ ತನಕ ಅಲ್ಲೇ ಕೂತಿದ್ದ. ಅವನು ಯಾಕೆ ಹಾಗೆ ಮಾಡಿದ ಎಂದು ಆ ಸಭೆಯಲ್ಲಿ ನಮಗೆ ನಾಲ್ವರಿಗೆ ಮಾತ್ರ ಗೊತ್ತಿತ್ತು. ನಾನು ಅತ್ತೆ. ಈ ಸಲದ ಅಳು ನನ್ನದೇ, ಯಾರ ಪರವಾಗಿಯೂ ಅಲ್ಲ.

ಗರ್ಭಪಾತ ಸರಿಯೋ ತಪ್ಪೋ ಎಂದು ನನ್ನನ್ನು ಈಗಲೂ ಕೇಳುತ್ತಾರೆ. ದೇವರ ಮುಂದೆ ದೀಪ ಹಚ್ಚುವಾಗ ಒಂದು ಅನ್ನಿಸುತ್ತದೆ, ಲಲಿತಾಳ ರವಿಕೆ ಹೊಲಿಯುವಾಗ ಇನ್ನೊಂದು ಅನ್ನಿಸುತ್ತದೆ. ಅದನ್ನು ಹಾಗೆಯೇ ಹೇಳುತ್ತೇನೆ. ಲಲಿತಾ ಈಗಲೂ ಬರುತ್ತಾಳೆ. ನನ್ನ ಕೈಯ ರವಿಕೆ ಬಿಟ್ಟು ಬೇರೆ ಹಾಕುವುದಿಲ್ಲ.

ನನ್ನ ನಿದ್ದೆ ಕೆಡಿಸುವವರು ಶಾರದಾ. ಬಾಗಿಲಿನಿಂದ ಹಿಂದೆ ಬಂದು ಹೆತ್ತಾಕೆ. ಅವರ ಹಾಳೆಯ ಕೊನೆಯ ಸಾಲು, "ಮಗಳಿಗೆ ಈಗ ಒಂಬತ್ತು ವರ್ಷ" ಎಂದಿತ್ತು. ಅಷ್ಟೇ. ಅದನ್ನು ಓದುವಾಗ ನಾನು ನಕ್ಕಿದ್ದೇನೆ. ತಾಯಿ ಅಲ್ಲವೇ, ನಗಲೇಬೇಕು ಎಂದು ತುಂಬು ಸಂತೋಷದಿಂದ ನಕ್ಕಿದ್ದೇನೆ. ಚಿತ್ರದಲ್ಲಿ ಆ ನಗು ಇನ್ನೂ ಇದೆ. ಹಾಳೆ ತಂದುಕೊಟ್ಟವರ ಮೂಲಕ ಎರಡು ಸಲ ಹುಡುಕಿಸಿದೆ, ಅವರು ಸಿಗಲಿಲ್ಲ. ಅಂಗಡಿಗೆ ಹೊಸ ಹೆಂಗಸು ಯಾರೇ ಬಂದರೂ, ಪಕ್ಕದಲ್ಲಿ ಹನ್ನೆರಡು ವರ್ಷದ ಹುಡುಗಿ ಇದ್ದಾಳೆಯೇ ಎಂದು ಮೊದಲು ನೋಡುತ್ತೇನೆ. ಸಿಕ್ಕರೆ ಕೇಳಬೇಕು, ಆ ಸಾಲು ಬರೆಯುವಾಗ ನೀವು ನಕ್ಕಿದ್ದಿರಾ ಎಂದು.